ಸಂಜೆ ಏಳು ಗಂಟೆಯ ಲೆಕ್ಕ

2022ರ ಸೆಪ್ಟೆಂಬರ್ 6. ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಲ್ಲಿ ಆ ದಿನ 116 ಡಿಗ್ರಿ ಫ್ಯಾರನ್‌ಹೀಟ್. ಸೆಲ್ಸಿಯಸ್‌ನಲ್ಲಿ ಹೇಳಿದರೆ ಹತ್ತಿರ ಹತ್ತಿರ 47. ಈ ಊರಲ್ಲಿ ಅಷ್ಟು ಬಿಸಿಲು ಅದಕ್ಕೂ ಮೊದಲು ದಾಖಲಾಗಿರಲಿಲ್ಲ. ಕಿಟಕಿಯ ಗಾಜು ಮುಟ್ಟಿದರೆ ಕೈ ಚುರುಕ್ ಅನ್ನುತ್ತಿತ್ತು. ಸಂಜೆ ಐದು ಮುಕ್ಕಾಲಕ್ಕೆ ಮನೆಯಲ್ಲಿದ್ದ ಫೋನುಗಳೆಲ್ಲ ಒಟ್ಟಿಗೆ ಕಿರುಚಿಕೊಂಡವು. ಸರ್ಕಾರದ ತುರ್ತು ಸಂದೇಶ. ಕೂಡಲೇ ವಿದ್ಯುತ್ ಉಳಿಸಿ, ಇಲ್ಲದಿದ್ದರೆ ಕರೆಂಟ್ ತೆಗೆಯಬೇಕಾಗಬಹುದು ಅಂತ.

ಎದ್ದು ಹೋಗಿ ಎಸಿ ಕಡಿಮೆ ಮಾಡಿದೆ. ಮಗಳು ದೀಪಗಳನ್ನೆಲ್ಲ ಆರಿಸುತ್ತಾ ಬಂದು ಕೇಳಿದಳು: "ಅಮ್ಮ, ನಮ್ಮನೆ ಮೇಲೆ ಸೋಲಾರ್ ಇದೆಯಲ್ಲ, ಮತ್ತೆ ನಾವ್ಯಾಕೆ ಆರಿಸಬೇಕು?"

ಆಗ ನನ್ನ ಮುಂದೆ ಲ್ಯಾಪ್‌ಟಾಪಿನಲ್ಲಿ ತೆರೆದಿದ್ದದ್ದೂ ಇದೇ ಪ್ರಶ್ನೆಗೆ ಸಂಬಂಧಪಟ್ಟ ಲೆಕ್ಕದ ಹಾಳೆ. ನಾನು ಕೆಲಸ ಮಾಡುವುದು ಇಲ್ಲಿನ ಒಂದು ಸಣ್ಣ ಸಾರ್ವಜನಿಕ ವಿದ್ಯುತ್ ಸಂಸ್ಥೆಯಲ್ಲಿ. ತಂತಿ, ಕಂಬ ನಮ್ಮವಲ್ಲ. ಕರೆಂಟ್ ಕೊಂಡು ಜನರಿಗೆ ಕೊಡುವುದಷ್ಟೇ ನಮ್ಮ ಕೆಲಸ. ಮುಂದಿನ ವರ್ಷಗಳಲ್ಲಿ ಯಾವ ಕರೆಂಟ್ ಎಷ್ಟು ಕೊಳ್ಳುತ್ತೇವೆ, ಅದರಿಂದ ಎಷ್ಟು ಟನ್ ಹಸಿರುಮನೆ ಅನಿಲ ಹೊರಬೀಳುತ್ತದೆ ಅನ್ನುವ ಯೋಜನೆಯನ್ನು ನವೆಂಬರ್ 1ರೊಳಗೆ ವಿದ್ಯುತ್ ಸಂಸ್ಥೆಗಳ ಮೇಲೆ ನಿಗಾ ಇಡುವ ರಾಜ್ಯದ ಯುಟಿಲಿಟೀಸ್ ಆಯೋಗಕ್ಕೆ ಕೊಡಬೇಕಿತ್ತು. ಆ ಟನ್ ಲೆಕ್ಕ ನನ್ನ ತಲೆ ಮೇಲಿತ್ತು.

ಈ ಟನ್ ಎಲ್ಲಿಂದ ಬಂತು ಅಂತ ಸ್ವಲ್ಪ ಹೇಳುತ್ತೇನೆ. 2006ರಲ್ಲಿ ಕ್ಯಾಲಿಫೋರ್ನಿಯಾ ಎಬಿ 32 ಎಂಬ ಕಾನೂನು ಮಾಡಿತು. 2020ರ ಹೊತ್ತಿಗೆ ಇಡೀ ರಾಜ್ಯದ ಹೊರಸೂಸುವಿಕೆ 1990ರ ಮಟ್ಟಕ್ಕೆ, ಅಂದರೆ ವರ್ಷಕ್ಕೆ 43.1 ಕೋಟಿ ಟನ್ನಿಗೆ ಇಳಿಯಬೇಕು ಅಂತ. ನಾಲ್ಕು ವರ್ಷ ಮೊದಲೇ, 2016ರಲ್ಲೇ, ಅದಕ್ಕಿಂತ ಕೆಳಗೆ ಇಳಿಯಿತು. ಆ ಇಳಿಕೆಯಲ್ಲಿ ದೊಡ್ಡ ಪಾಲು ಕರೆಂಟಿನದ್ದೇ. ಅದೇ 2016ರಲ್ಲಿ ಇನ್ನೊಂದು ಕಾನೂನು ಬಂತು: 2030ಕ್ಕೆ 1990ರ ಮಟ್ಟಕ್ಕಿಂತ ಶೇ. 40 ಕಡಿಮೆ.

ಇಡೀ ರಾಜ್ಯದ ಗುರಿ ಸರಿ, ಅದರಲ್ಲಿ ಕರೆಂಟಿನ ಪಾಲು ಎಷ್ಟು? ಇದನ್ನು ಹಂಚುವ ಕೆಲಸ ರಾಜ್ಯದ ವಾಯುಮಾಲಿನ್ಯ ನೋಡಿಕೊಳ್ಳುವ ಏರ್ ರಿಸೋರ್ಸಸ್ ಬೋರ್ಡ್‌ನದ್ದು. 1990ರಲ್ಲಿ ವಿದ್ಯುತ್ ಕ್ಷೇತ್ರದ್ದು ಸುಮಾರು 10.8 ಕೋಟಿ ಟನ್ ಇತ್ತು. 2030ಕ್ಕೆ ಅದು 3 ಕೋಟಿಯಿಂದ 5.3 ಕೋಟಿಯ ನಡುವೆ ಎಲ್ಲಾದರೂ ಇರಲಿ ಅಂದರು. ನಡುವಿನ ಅಂತರ ನೋಡಿ, ಎಷ್ಟು ದೊಡ್ಡದು! ಜಗಳವೆಲ್ಲ ಆ ಅಂತರದಲ್ಲೇ ನಡೆಯಿತು. ಯುಟಿಲಿಟೀಸ್ ಆಯೋಗ 2018ರಲ್ಲಿ 4.2 ಕೋಟಿ ಅಂತ ಇಟ್ಟುಕೊಂಡಿತು. 2020ರಲ್ಲಿ 4.6 ಕೋಟಿಗೆ ಸಡಿಲಿಸಿತು. 2022ರ ಫೆಬ್ರವರಿಯಲ್ಲಿ 3.8 ಕೋಟಿಗೆ ಬಿಗಿ ಮಾಡಿತು. 2024ರಲ್ಲಿ ಇನ್ನೂ ಮುಂದೆ ನೋಡಿ, 2035ಕ್ಕೆ 2.5 ಕೋಟಿ ಅಂತ ನಿರ್ಧರಿಸಿತು.

ಹೊರಗಿನವರಿಗೆ ಇದು ಸುಮ್ನೆ ಅಂಕಿಗಳನ್ನು ಏರಿಸಿ ಇಳಿಸಿದ ಹಾಗೆ ಕಾಣುತ್ತದೆ. ನಮಗೆ ಹಾಗಲ್ಲ. ರಾಜ್ಯದ ಆ ಒಂದು ಸಂಖ್ಯೆಯನ್ನು ಕರೆಂಟ್ ಮಾರುವವರಿಗೆಲ್ಲ ಪಾಲು ಮಾಡುತ್ತಾರೆ. ನಮ್ಮ ಪಾಲು ಇಷ್ಟು ಅಂತ ಆ ಲೆಕ್ಕದ ಹಾಳೆಯ ಒಂದು ಚೌಕದಲ್ಲಿ ಬಂದು ಕೂರುತ್ತದೆ. ಅದನ್ನು ದಾಟಿದರೆ ಯೋಜನೆ ಒಪ್ಪಿತವಾಗುವುದಿಲ್ಲ.

ಇನ್ನು ಆ ಹಾಳೆಯ ವಿಷಯ. ಆಯೋಗದವರು ಕೊಟ್ಟಿರುವ ಅದರ ಹೆಸರು ಕ್ಲೀನ್ ಸಿಸ್ಟಮ್ ಪವರ್ ಕ್ಯಾಲ್ಕ್ಯುಲೇಟರ್. ವರ್ಷಕ್ಕೆ 8,760 ಗಂಟೆ, ಅಷ್ಟೂ ಗಂಟೆಗೆ ಒಂದೊಂದು ಸಾಲು. ಪ್ರತಿ ಸಾಲಿನಲ್ಲೂ ಎರಡು ಪ್ರಶ್ನೆ. ಆ ಗಂಟೆಯಲ್ಲಿ ನಿಮ್ಮ ಗ್ರಾಹಕರು ಎಷ್ಟು ಬಳಸಿದರು? ಆ ಗಂಟೆಯಲ್ಲಿ ನಿಮ್ಮ ಸೋಲಾರ್, ಗಾಳಿ, ಜಲ, ಬ್ಯಾಟರಿ ಎಷ್ಟು ಕೊಟ್ಟವು? ಕಡಿಮೆ ಬಿದ್ದಷ್ಟನ್ನು ನೀವು ಗ್ರಿಡ್‌ನಿಂದ ತೆಗೆದುಕೊಂಡಿರಿ ಅಂತ ಲೆಕ್ಕ. ಆ ಗಂಟೆಯಲ್ಲಿ ಗ್ರಿಡ್‌ನಲ್ಲಿ ಎಷ್ಟು ಗ್ಯಾಸ್ ಉರಿಯುತ್ತಿರುತ್ತದೋ ಅದರ ಪ್ರಕಾರ ಟನ್ ನಿಮ್ಮ ತಲೆಗೆ.

ನಾನು ಮೊದಲ ಸಲ ಇದನ್ನು ತುಂಬಿದಾಗ ಆದದ್ದು ಹೇಳಲೇಬೇಕು. ಅದಕ್ಕೂ ಮೊದಲು ವರ್ಷದ ಮೊತ್ತದಲ್ಲಿ ಲೆಕ್ಕ ಹಾಕಿ ಅಭ್ಯಾಸವಾಗಿತ್ತು. ವರ್ಷವಿಡೀ ಜನ ಬಳಸುವಷ್ಟು ಸೋಲಾರ್ ಕೊಂಡುಬಿಟ್ಟರೆ ನಮ್ಮದು ಸೊನ್ನೆ ಟನ್ ಅಂತ ಧೈರ್ಯದಲ್ಲಿದ್ದೆ. ಅದನ್ನೇ ಗಂಟೆಗಂಟೆಗೆ ಬಿಡಿಸಿ ಹಾಕಿದಾಗ ಎದೆ ಧಸಕ್ಕೆಂದಿತು. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರವರೆಗೆ ನಮ್ಮ ಹತ್ತಿರ ಬೇಕಾದ್ದಕ್ಕಿಂತ ಎಷ್ಟೋ ಜಾಸ್ತಿ. ಆದರೆ ಆ ಹೊತ್ತಿನಲ್ಲಿ ಎಲ್ಲರ ಹತ್ತಿರವೂ ಜಾಸ್ತಿ. ಸಂಜೆ ಏಳರ ಸಾಲಿಗೆ ಬಂದರೆ ಸೋಲಾರ್ ಸೊನ್ನೆಯತ್ತ ಇಳಿದಿದೆ, ಜನ ಮನೆಗೆ ಬಂದಿದ್ದಾರೆ, ಎಸಿ ಓಡುತ್ತಿದೆ, ಅಡುಗೆ ನಡೆದಿದೆ. ಅಲ್ಲಿ ಬಹುಪಾಲು ಗ್ಯಾಸ್. ಜುಲೈ, ಆಗಸ್ಟ್, ಸೆಪ್ಟೆಂಬರ್ ಪೂರಾ ಅದೇ ಕಥೆ. ಚಳಿಗಾಲದ ರಾತ್ರಿಗಳು ಇನ್ನೂ ಉದ್ದ.

ಅವತ್ತಿನಿಂದ ನನ್ನ ಮಾತು ಒಂದೇ. ಕರೆಂಟಿಗೆ ಗುರಿ ಇಡುವವರು ಶೇಕಡಾವಾರು ನವೀಕರಿಸಬಹುದಾದ ವಿದ್ಯುತ್ತಿನ ಹತ್ತಿರ ನಿಲ್ಲಬಾರದು. ಟನ್ನಿನಲ್ಲಿ ಇಡಬೇಕು, ಆ ಟನ್ನನ್ನು ಗಂಟೆ ಲೆಕ್ಕದಲ್ಲಿ ಎಣಿಸಬೇಕು. ಮಗಳಿಗೂ ಅವತ್ತು ಇಷ್ಟೇ ಹೇಳಿದೆ: ನಮ್ಮ ಸೋಲಾರ್ ಮಧ್ಯಾಹ್ನದ್ದು ಕಂದಾ, ಈಗ ಹೊತ್ತು ಇಳೀತಿದೆ.

ಆ ಸಂಜೆ ಗ್ರಿಡ್ ನಡೆಸುವವರ ಪುಟದಲ್ಲಿ ಬೇಡಿಕೆಯ ಗೆರೆ 52,061 ಮೆಗಾವ್ಯಾಟ್ ಮುಟ್ಟಿತ್ತು. ಅದು ಅವರ ದಾಖಲೆ. ಫೋನು ಕಿರುಚಿದ ಕೆಲವೇ ನಿಮಿಷಕ್ಕೆ ಗೆರೆ ಸರ್ರನೆ ಇಳಿಯಿತು. ಗುರುತು ಪರಿಚಯ ಇಲ್ಲದ ಲಕ್ಷಾಂತರ ಜನ ಎದ್ದು ಸ್ವಿಚ್ ಆರಿಸಿದ್ದು ನನ್ನ ಕಣ್ಣಿಗೆ ಕಂಡ ಹಾಗಾಯಿತು. 2020ರ ಆಗಸ್ಟ್ 14 ಮತ್ತು 15ರಂದು ಸರದಿ ಪ್ರಕಾರ ಕರೆಂಟ್ ತೆಗೆದಿದ್ದರಲ್ಲ, ಹಾಗಾಗಲಿಲ್ಲ. ಆ ವಾರದ ಒಂದು ಸಂಜೆ ಬ್ಯಾಟರಿಗಳಿಂದ ಬಂದ ಕರೆಂಟು ಡಯಾಬ್ಲೊ ಕ್ಯಾನ್ಯನ್ ಅಣುಸ್ಥಾವರದ್ದನ್ನೂ ಕೆಲಹೊತ್ತು ಮೀರಿತ್ತು. ಬ್ಯಾಟರಿ ಎಂದರೆ ಮಧ್ಯಾಹ್ನದ ಬಿಸಿಲನ್ನು ಸಂಜೆಗೆ ಎತ್ತಿಟ್ಟುಕೊಳ್ಳುವುದು. 2024ರ ಹೊತ್ತಿಗೆ ರಾಜ್ಯದಲ್ಲಿ 10,000 ಮೆಗಾವ್ಯಾಟ್ ದಾಟಿದವು. ನನ್ನ ಹಾಳೆಯ ಏಳರ ಸಾಲು ವರ್ಷದಿಂದ ವರ್ಷಕ್ಕೆ ಹಗುರಾಗುತ್ತಿರುವುದು ಮುಖ್ಯವಾಗಿ ಇದರಿಂದ.

ಎರಡನೆಯ ವಿಷಯ ಆಮದು. ಕ್ಯಾಲಿಫೋರ್ನಿಯಾ ಬಳಸುವ ಕರೆಂಟಿನಲ್ಲಿ ಒಂದು ದೊಡ್ಡ ಭಾಗ ಪಕ್ಕದ ರಾಜ್ಯಗಳಿಂದ ಬರುತ್ತದೆ. ಹೊಗೆ ಯೂಟಾದಲ್ಲೋ ಅರಿಜೋನಾದಲ್ಲೋ ಏಳುತ್ತದೆ, ದೀಪ ಇಲ್ಲಿ ಉರಿಯುತ್ತದೆ. ಗಡಿಯೊಳಗಿನ ಚಿಮಣಿ ಮಾತ್ರ ಎಣಿಸಿದ್ದರೆ ಸ್ಥಾವರವನ್ನು ಗಡಿಯಾಚೆ ಸಾಗಿಸಿ ಗೆದ್ದೆವು ಅನ್ನಬಹುದಿತ್ತು. ಇಲ್ಲಿನವರು ಹಾಗೆ ಮಾಡಲಿಲ್ಲ. ಮೂಲ ಗೊತ್ತಿಲ್ಲದ ಆಮದು ಕರೆಂಟಿಗೆ ಮೆಗಾವ್ಯಾಟ್ ಗಂಟೆಗೆ 0.428 ಟನ್ ಅಂತ ಹಾಕಿಬಿಡುತ್ತಾರೆ. ಇದು ಸರಿಯಾದ ಕ್ರಮ ಅಂತ ನನಗೆ ಖಂಡಿತ ಅನಿಸುತ್ತದೆ. ಆದರೂ ಒಂದು ಸಂದಿ ಉಳಿದಿದೆ. ಪಕ್ಕದ ರಾಜ್ಯದವರು ತಮ್ಮ ಜಲವಿದ್ಯುತ್ತನ್ನು ನಮಗೆ ಮಾರಿ, ಕಲ್ಲಿದ್ದಲಿನದ್ದನ್ನು ತಾವು ಇಟ್ಟುಕೊಂಡರೆ ನಮ್ಮ ಕಾಗದ ಬೆಳ್ಳಗಾಗುತ್ತದೆ, ಆಕಾಶಕ್ಕೆ ಹೋಗುವುದು ಅಷ್ಟೇ ಇರುತ್ತದೆ. ನಿಯಮದಲ್ಲಿ ಇದಕ್ಕೆ ನಿಷೇಧವಿದೆ. ಹಿಡಿಯುವುದು ಕಷ್ಟ.

ಮಳೆಯ ಮಾತೂ ಇದೆ. 2021ರ ಆಗಸ್ಟ್‌ನಲ್ಲಿ ಇಲ್ಲಿನ ಆರೊವಿಲ್ ಜಲಾಶಯ ಎಷ್ಟು ಬತ್ತಿತೆಂದರೆ, 1967ರಿಂದ ನಡೆಯುತ್ತಿದ್ದ ಅಲ್ಲಿನ ಹಯಾಟ್ ಜಲವಿದ್ಯುತ್ ಕೇಂದ್ರವನ್ನು ನೀರಿಲ್ಲವೆಂದು ಮೊದಲ ಬಾರಿಗೆ ನಿಲ್ಲಿಸಬೇಕಾಯಿತು. ಅಂಥ ವರ್ಷ ನೀರಿನ ಜಾಗಕ್ಕೆ ಗ್ಯಾಸ್ ಬರುತ್ತದೆ. 2012ರಲ್ಲಿ ಸ್ಯಾನ್ ಒನೊಫ್ರೆ ಅಣುಸ್ಥಾವರ ನಿಂತಾಗಲೂ ಆದದ್ದು ಇದೇ. ಹಾಗಾಗಿ ಡಯಾಬ್ಲೊ ಕ್ಯಾನ್ಯನ್ ಅನ್ನು 2030ರವರೆಗೆ ಮುಂದುವರಿಸುವ ಕಾನೂನಿಗೆ 2022ರಲ್ಲಿ ಸಹಿ ಬಿದ್ದಾಗ ನನಗೆ ಸಮಾಧಾನವಾಯಿತು. ಅದಕ್ಕೆ ವಿರೋಧವಿದ್ದ ಗೆಳತಿಯರಿದ್ದಾರೆ. ಅವರ ಭಯವನ್ನು ತಳ್ಳಿಹಾಕುವುದಿಲ್ಲ. ಆದರೆ 2,200 ಮೆಗಾವ್ಯಾಟ್ ಹಗಲೂ ರಾತ್ರಿ ಒಂದೇ ಸಮ ಬರುತ್ತಿರುವುದನ್ನು ತೆಗೆದ ಮರುದಿನ ಏಳರ ಸಾಲಿನಲ್ಲಿ ಏನು ಬರುತ್ತದೆ ಅಂತ ನನಗೆ ಗೊತ್ತು.

ಬಿಗಿಯಾದ ಗುರಿ ಬೇಡ ಅನ್ನುವವರ ಒಂದು ವಾದವನ್ನು ಮಾತ್ರ ನಾನು ತುಂಬಾ ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಇಲ್ಲಿನ ಕರೆಂಟ್ ದರ ಈಗಾಗಲೇ ದೇಶದಲ್ಲೇ ಅತಿ ಹೆಚ್ಚಿನವುಗಳಲ್ಲಿ ಒಂದು. ಗುರಿ ಬಿಗಿಯಾದಷ್ಟೂ ಹೆಚ್ಚು ಕೊಳ್ಳಬೇಕು, ಬಿಲ್ಲು ಏರುತ್ತದೆ. ಬಿಲ್ಲು ಏರಿದರೆ ಎಲೆಕ್ಟ್ರಿಕ್ ಕಾರು ಕೊಳ್ಳಬೇಕು ಅಂದುಕೊಂಡವರು ಪೆಟ್ರೋಲ್ ಕಾರನ್ನೇ ಇಟ್ಟುಕೊಳ್ಳುತ್ತಾರೆ. ಆಗ ಕರೆಂಟಿನ ಲೆಕ್ಕದಲ್ಲಿ ಉಳಿದ ಟನ್ ಸಾರಿಗೆಯ ಲೆಕ್ಕದಲ್ಲಿ ಹೊರಗೆ ಬರುತ್ತದೆ. ಈ ರಾಜ್ಯದಲ್ಲಿ ಅತಿ ಹೆಚ್ಚು ಹೊಗೆ ಸಾರಿಗೆಯದ್ದೇ. ಅದನ್ನು ಕರೆಂಟಿಗೆ ತರಬೇಕು, ಕರೆಂಟಿನ ಹೊಗೆಯೂ ಇಳಿಯಬೇಕು, ಎರಡೂ ಒಟ್ಟಿಗೆ ಆಗಬೇಕು. ಸುಲಭ ಅಲ್ಲ.

ಇಷ್ಟಾದರೂ ನಾನು ಬಿಗಿ ಗುರಿಯ ಪರ. ಕಾರಣ ಸಮಯ. ಹೊಸ ಸ್ಥಾವರವನ್ನು ಗ್ರಿಡ್‌ಗೆ ಜೋಡಿಸುವ ಸಾಲಿನಲ್ಲೇ ವರ್ಷಗಟ್ಟಲೆ ಕಾಯಬೇಕು. ಗುರಿ ಸಡಿಲವಿದ್ದ ಅವಧಿಯಲ್ಲಿ ಯಾರೂ ಆ ಸಾಲಿನಲ್ಲಿ ನಿಲ್ಲುವ ಗೋಜಿಗೆ ಹೋಗುವುದಿಲ್ಲ. ಆಮೇಲೆ ಅವಸರ ಬಿದ್ದಾಗ ಕೈಗೆ ಸಿಗುವುದು ಹಳೆಯ ಗ್ಯಾಸ್ ಸ್ಥಾವರ. ಅಂಥವು ಬಹಳಷ್ಟು ಇರುವುದು ಆಕ್ಸ್‌ನಾರ್ಡ್‌ನಂಥ ಊರುಗಳಲ್ಲಿ, ಹೊಲದಲ್ಲಿ ದುಡಿಯುವವರ ಮನೆಗಳ ಹತ್ತಿರ. ಅಲ್ಲಿನವರು ಎದ್ದುನಿಂತು ಬೇಡ ಅಂದದ್ದಕ್ಕೆ ಸಮುದ್ರದಂಚಿಗೆ ಬರಬೇಕಿದ್ದ ಹೊಸ ಗ್ಯಾಸ್ ಸ್ಥಾವರವೊಂದು ನಿಂತಿತು. ಗುರಿಯ ಟನ್ನಿನಲ್ಲಿ ಆ ಊರಿನ ಗಾಳಿ ಕಾಣುವುದಿಲ್ಲ. ಬಿಸಿಲಿನ ಸಂಜೆ ಗ್ಯಾಸ್ ಯಂತ್ರವನ್ನು ಪದೇಪದೇ ಚಾಲೂ ಮಾಡಿದಾಗ ಏಳುವ ಕೆಟ್ಟ ಹೊಗೆಯನ್ನು ಬೇರೆಯಾಗಿಯೇ ಎಣಿಸಬೇಕು.

ನವೆಂಬರ್ 1ಕ್ಕೆ ನಮ್ಮ ಯೋಜನೆ ಹೋಯಿತು. 2035ಕ್ಕೆ ರಾಜ್ಯ 3 ಕೋಟಿ ಇಟ್ಟರೆ ಹೀಗೆ, 2.5 ಕೋಟಿ ಇಟ್ಟರೆ ಹೀಗೆ ಅಂತ ಎರಡು ಬಗೆ ಕೇಳಿದ್ದರು. ಎರಡಕ್ಕೂ ನಡುವಿನ ವ್ಯತ್ಯಾಸ ಬಹುಪಾಲು ಬ್ಯಾಟರಿ, ರಾತ್ರಿ ಬೀಸುವ ಗಾಳಿ, ನೆಲದಡಿಯ ಶಾಖದ ಕರೆಂಟು. ಸೋಲಾರ್ ಸೇರಿಸಿದರೆ ಸಂಖ್ಯೆ ಅಲುಗಾಡುತ್ತಲೇ ಇರಲಿಲ್ಲ.

ಅದು ಮುಂದೆ ಹೀಗೆ ಮಾಡುತ್ತೇವೆ ಎಂಬ ಲೆಕ್ಕ. ನಿಜವಾಗಿ ಆದದ್ದನ್ನು ಗಂಟೆಗಂಟೆಗೆ ತೋರಿಸಬೇಕೆಂಬ ಇನ್ನೊಂದು ಕಾನೂನು, ಎಸ್‌ಬಿ 1158, ಅದೇ 2022ರಲ್ಲಿ ಬಂತು. 2028ರಿಂದ ಕರೆಂಟ್ ಮಾರುವವರು ಆ ವರದಿ ಕೊಡಬೇಕು. ನಾವು ಈಗಲೇ ಶುರು ಮಾಡಿದ್ದೇವೆ. ಪ್ರತಿ ತಿಂಗಳು ಮೀಟರ್ ಲೆಕ್ಕ ಬಂದ ಕೂಡಲೇ ಹಾಳೆ ತೆರೆದು ಮೊದಲು ಸಂಜೆ ಏಳರ ಸಾಲಿಗೆ ಹೋಗುತ್ತೇನೆ. ಕಳೆದ ಸೆಪ್ಟೆಂಬರಿನ ಒಂಬತ್ತು ಸಂಜೆ ಅಲ್ಲಿ ಗ್ಯಾಸ್ ಇರಲಿಲ್ಲ. ಮಗಳನ್ನು ಕರೆದು ತೋರಿಸಿದೆ. "ಉಳಿದ ಇಪ್ಪತ್ತೊಂದು?" ಅಂದಳು.