ಝೆನಾನ್-124ರ ಅಪರೂಪದ ಕ್ಷಯ

ಇಟಲಿಯ ಗ್ರಾನ್ ಸಾಸೊ ಪರ್ವತದಡಿ, ಸುಮಾರು 1400 ಮೀಟರ್ ಬಂಡೆಯ ಕೆಳಗಿದ್ದ, ದ್ರವರೂಪದ ಝೆನಾನ್ ತುಂಬಿದ ಝೆನಾನ್1ಟಿ ಶೋಧಕವನ್ನು ಕಟ್ಟಿದ್ದು ಡಾರ್ಕ್ ಮ್ಯಾಟರ್ (ಬೆಳಕು ಸೂಸದ, ಕಣ್ಣಿಗೆ ಕಾಣದ ದ್ರವ್ಯ) ಹುಡುಕಾಟಕ್ಕಾಗಿ. ಆದರೆ 2019ರಲ್ಲಿ ಅದು ವರದಿ ಮಾಡಿದ ಝೆನಾನ್-124ರ (ಝೆನಾನಿನ ಒಂದು ಐಸೊಟೋಪ್, ಅಂದರೆ ಅದೇ ಮೂಲವಸ್ತುವಿನ ಬೇರೆ ತೂಕದ ರೂಪ) ಕ್ಷಯ ನನ್ನ ದೃಷ್ಟಿಯಲ್ಲಿ ಸಣ್ಣ ಸಾಧನೆಯೇನಲ್ಲ. ಇಲ್ಲಿ ನ್ಯೂಕ್ಲಿಯಸ್ ತನ್ನದೇ ಪರಮಾಣುವಿನ ಎರಡು ಎಲೆಕ್ಟ್ರಾನುಗಳನ್ನು ಏಕಕಾಲಕ್ಕೆ ಸೆಳೆದುಕೊಂಡು ಟೆಲ್ಯೂರಿಯಂ-124 ಆಗುತ್ತದೆ. ಹೊರಬಿದ್ದ ಎರಡು ನ್ಯೂಟ್ರಿನೋಗಳು, ಅಂದರೆ ಯಾವುದರೊಂದಿಗೂ ಅಷ್ಟಾಗಿ ವರ್ತಿಸದ ಸೂಕ್ಷ್ಮ ಕಣಗಳು, ಶೋಧಕಕ್ಕೆ ಸಿಗುವುದಿಲ್ಲ. ತೆರವಾದ ಕಕ್ಷೆಗಳು ತುಂಬುವಾಗ ಎಕ್ಸ್-ಕಿರಣಗಳು ಹಾಗೂ ಎಲೆಕ್ಟ್ರಾನುಗಳ ರೂಪದಲ್ಲಿ ಹೊಮ್ಮುವ ಸುಮಾರು 64 ಕಿಲೋ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯೇ ಅದರ ಗುರುತು.

ಆಗ ಅಳೆದ ಅರ್ಧಾಯುಷ್ಯ (ಅರ್ಧದಷ್ಟು ಪರಮಾಣುಗಳು ಕ್ಷಯಿಸಲು ಬೇಕಾದ ಕಾಲ) 1.8 × 10²² ವರ್ಷ, ಅಂದರೆ ವಿಶ್ವದ ವಯಸ್ಸಿನ ಲಕ್ಷ ಕೋಟಿ ಪಟ್ಟಿಗೂ ಹೆಚ್ಚು. ನೈಸರ್ಗಿಕ ಝೆನಾನಿನಲ್ಲಿ ಈ ಐಸೊಟೋಪಿನ ಪಾಲು ಸಾವಿರಕ್ಕೆ ಸುಮಾರು ಒಂದು ಮಾತ್ರ. ಆದರೂ ಒಂದು ಟನ್ ಝೆನಾನಿನಲ್ಲಿರುವ ಪರಮಾಣುಗಳ ಸಂಖ್ಯೆ ಎಷ್ಟು ಅಗಾಧವೆಂದರೆ, ವರ್ಷಕ್ಕೆ ನೂರಕ್ಕೂ ಹೆಚ್ಚು ಕ್ಷಯಗಳು ನಡೆಯುತ್ತವೆ.

ನಾನು ಹೆಚ್ಚು ಮೆಚ್ಚುವುದು ಹಿನ್ನೆಲೆ ವಿಕಿರಣವನ್ನು ತೊಡೆದುಹಾಕಿದ ಎಚ್ಚರಿಕೆಯನ್ನು. ಬಂಡೆ ಕಾಸ್ಮಿಕ್ ಕಿರಣಗಳಿಂದ ಹುಟ್ಟುವ ಮ್ಯೂಆನು ಎಂಬ ಕಣಗಳನ್ನು ಸುಮಾರು ಹತ್ತು ಲಕ್ಷ ಪಟ್ಟು ತಗ್ಗಿಸುತ್ತದೆ. ಆದರೆ ಶೋಧಕವನ್ನು ಪರೀಕ್ಷಿಸಲು ಬಳಸುವ ನ್ಯೂಟ್ರಾನುಗಳೇ ಝೆನಾನ್-124ನ್ನು ಝೆನಾನ್-125 ಆಗಿಸುತ್ತವೆ. ಅದು ಕ್ಷಯಿಸಿ ಅಯೋಡಿನ್-125 ಆಗುತ್ತದೆ; ಆ ಅಯೋಡಿನ್ ಕ್ಷಯಿಸಿದಾಗ, ಬೇಕಾದ ಸಂಕೇತದ ಪಕ್ಕದಲ್ಲೇ, ಸುಮಾರು 67 ಕಿಲೋ ಎಲೆಕ್ಟ್ರಾನ್ ವೋಲ್ಟಿನಲ್ಲಿ, ಇನ್ನೊಂದು ಶಿಖರ ಏಳುತ್ತದೆ. ಶುದ್ಧೀಕರಣ ವ್ಯವಸ್ಥೆ ಅಯೋಡಿನನ್ನು ನಿರಂತರವಾಗಿ ತೆಗೆಯುತ್ತಿದ್ದುದರಿಂದಲೇ ಅಳತೆ ಸಾಧ್ಯವಾಯಿತು. ಇದೇ ತಂಡದ ನಂತರದ ವಿಶ್ಲೇಷಣೆ ಅರ್ಧಾಯುಷ್ಯವನ್ನು ಸುಮಾರು 1.1 × 10²² ವರ್ಷಕ್ಕೆ ಇಳಿಸಿದೆ.