ಭಾನುವಾರದ ಆರಾಧನೆ ಮತ್ತು ಹಾಡಿನ ಚರ್ಚೆ

ಆರಾಧನೆಗೆ ಆರ್ಗನ್ ಮತ್ತು ಹಳೆಯ ಕೀರ್ತನೆಗಳೇ ಸಾಕೇ, ಡ್ರಮ್ಸ್ ಹಾಗೂ ಗಿಟಾರ್ ಕೂಡ ಬೇಕೇ ಎಂಬ ಚರ್ಚೆ ನಮ್ಮ ಕ್ರೈಸ್ತ ಸಭೆಯಲ್ಲಿ ಮತ್ತೆ ಎದ್ದಿದೆ. ಎರಡೂ ಕಡೆಯವರ ಭಕ್ತಿಯ ಬಗ್ಗೆ ನನಗೆ ಸಂಶಯವಿಲ್ಲ. ಆದರೆ ತಮ್ಮ ರೀತಿಯೊಂದೇ ಸರಿ ಎಂಬ ಹಟ ಮಾತ್ರ ನೋವು ತರುತ್ತದೆ. ಕ್ರೈಸ್ತರಲ್ಲೇ ಆರಾಧನೆಯ ರೀತಿಗಳು ಹಲವು. ಬಹುತೇಕ ಆರ್ಥೊಡಾಕ್ಸ್ ಸಭೆಗಳು ಇಂದಿಗೂ ವಾದ್ಯವಿಲ್ಲದೆ ಕಂಠದಿಂದಲೇ ಹಾಡುತ್ತವೆ. ಕ್ವೇಕರರೆಂಬ ಪಂಗಡದಲ್ಲಿ ಒಂದು ವರ್ಗದವರು ಪಾದ್ರಿಯೂ ಹಾಡೂ ಇಲ್ಲದೆ ಮೌನವಾಗಿ ಕುಳಿತಿದ್ದು, ಒಳಗಿನಿಂದ ಪ್ರೇರಣೆಯಾದವರು ಮಾತ್ರ ಎದ್ದು ಮಾತನಾಡುತ್ತಾರೆ. ಪೆಂಟೆಕೋಸ್ಟಲ್ ಕೂಟಗಳಲ್ಲಿ ಎಲ್ಲರೂ ಕೈಯೆತ್ತಿ, ಒಟ್ಟಿಗೇ ದನಿಯೆತ್ತಿ ಪ್ರಾರ್ಥಿಸುತ್ತಾರೆ. ಕ್ಯಾಥೊಲಿಕ್ ಪೂಜೆಯಲ್ಲಿ ಜನರ ಆಡುಭಾಷೆಗೆ ವಿಶಾಲವಾದ ಅವಕಾಶ ದೊರೆತದ್ದು ಕ್ಯಾಥೊಲಿಕ್ ಬಿಷಪರ ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ಆರಾಧನಾವಿಧಿಯ ಕುರಿತು ನಿರ್ಣಯ ಕೈಗೊಂಡ ಮೇಲೆಯೇ.

ನಮ್ಮಲ್ಲಿ ಒಬ್ಬ ಹಿರಿಯರು ಕೀರ್ತನೆಯ ಪುಸ್ತಕವನ್ನು ಮುಚ್ಚಿ ಹಿಡಿದುಕೊಂಡೇ ಎಲ್ಲ ಚರಣಗಳನ್ನೂ ಹಾಡುತ್ತಾರೆ, ಆದರೆ ಪರದೆಯ ಮೇಲೆ ಹೊಸ ಗೀತೆ ಮೂಡಿದೊಡನೆ ಅವರ ತುಟಿ ನಿಲ್ಲುತ್ತದೆ. ಅದೇ ಗೀತೆಗೆ ಪಕ್ಕದಲ್ಲಿರುವ ಹುಡುಗಿ ಕಣ್ಣುಮುಚ್ಚಿ, ಮನಸ್ಸಿಟ್ಟು ದನಿಗೂಡಿಸುತ್ತಾಳೆ. ಇವರಿಬ್ಬರಲ್ಲಿ ಯಾರೊಬ್ಬರನ್ನೂ ಬಿಟ್ಟುಕೊಡಲು ನನಗೆ ಮನಸ್ಸಿಲ್ಲ. ಆದ್ದರಿಂದ ಪ್ರತಿ ವಾರ ಒಂದು ಹಳೆಯ ಕೀರ್ತನೆಯನ್ನಾದರೂ ಉಳಿಸಿಕೊಳ್ಳಬೇಕೆಂದು, ಹೊಸ ಗೀತೆಯನ್ನು ಆರಾಧನೆಗೆ ಮೊದಲೇ ಒಮ್ಮೆ ನಿಧಾನವಾಗಿ ಎಲ್ಲರಿಗೂ ಕಲಿಸಬೇಕೆಂದು, ಸಭೆಯ ದನಿ ಸಭೆಗೇ ಕೇಳುವಷ್ಟು ವಾದ್ಯಗಳ ಸದ್ದನ್ನು ತಗ್ಗಿಸಬೇಕೆಂದು ಗಾಯಕವೃಂದವನ್ನು ಕೇಳಿಕೊಂಡಿದ್ದೇನೆ.