ಕಡಲು-ಗಾಳಿ ತೇಲುಪೆಟ್ಟಿಗೆ: ಆ ಅರ್ಧ ಡಿಗ್ರಿ ಕೊನೆಗೂ ಹಿಡಿತಕ್ಕೆ ಬಂತು

ಕಡಲಲ್ಲಿ ತೇಲಿಬಿಟ್ಟು ನೀರನ್ನೂ ಗಾಳಿಯನ್ನೂ ಅಳೆಯುವ ಪೆಟ್ಟಿಗೆ ನಮ್ಮದು. ನೀರಿನ ಉಷ್ಣತೆಯಿಂದ ಗಾಳಿಯ ಉಷ್ಣತೆ ಕಳೆದರೆ ಬರುವ ಸಂಖ್ಯೆ ಈಗ ನಂಬುವಂತಿದೆ. ಪೆಟ್ಟಿಗೆ, ಬ್ಯಾಟರಿ, ಓದುಗಳನ್ನು ದಾಖಲಿಸುವ ಲಾಗರ್ ಎಲ್ಲ ಮಾಮೂಲು. ಕಾಡಿದ್ದು ಇದೊಂದೇ.

ನೀರು ಬೆಚ್ಚಗಿದ್ದರೆ ಅದಕ್ಕೆ ತಾಗಿದ ಗಾಳಿ ಕಾದು ಏಳುತ್ತದೆ, ಮೇಲಿನ ವೇಗದ ಗಾಳಿ ಕೆಳಗಿಳಿದು ಬೆರೆಯುತ್ತದೆ, ಅಲೆಗಳ ಮಟ್ಟದಲ್ಲಿ ಗಾಳಿ ಚುರುಕಾಗುತ್ತದೆ. ಆಳದ ತಣ್ಣೀರು ಉಕ್ಕಿ ಬಂದ ಕಡೆ ಈ ಬೆರಕೆ ನಿಂತು ಗಾಳಿ ಸೊರಗುತ್ತದೆ. ತೇವ ಸಾಕಷ್ಟಿದ್ದರೆ ಮಂಜೂ ಕವಿಯುತ್ತದೆ. 1999ರಲ್ಲಿ ಹಾರಿದ, ಕಡಲ ಮೇಲಿನ ಗಾಳಿ ಅಳೆಯುವ ಕ್ವಿಕ್‌ಸ್ಕ್ಯಾಟ್ ಉಪಗ್ರಹ ತೆರೆದ ಸಾಗರದಲ್ಲಿ ಇದನ್ನು ಚೆನ್ನಾಗಿ ತೋರಿಸಿತು. ದಡದ ಸಮೀಪ ಮಾತ್ರ ನೆಲದ ಸಂಕೇತ ಬೆರೆತು ಅಂಥ ಅಳತೆ ಕೆಡುತ್ತದೆ. ನಮ್ಮ ಪೆಟ್ಟಿಗೆ ಇರುವುದೇ ದಡದಂಚಿನ ಆ ಪಟ್ಟಿಗಾಗಿ.

ಉಷ್ಣತೆ ಅಳೆಯಲು ಹಾಕಿದ ಡಿಎಸ್18ಬಿ20 ಸೆನ್ಸರಿನ ನಿಖರತೆ ±0.5 ಡಿಗ್ರಿ. ಎರಡು ಸೆನ್ಸರ್ ಎದುರುಬದುರು ತಪ್ಪಿದರೆ 1 ಡಿಗ್ರಿ ಹೋಯಿತು. ನಾವು ಹುಡುಕುವ ವ್ಯತ್ಯಾಸವೂ ಹೆಚ್ಚುಕಡಿಮೆ ಅಷ್ಟೇ! 12 ಬಿಟ್‌ನಲ್ಲಿ ಓದು 0.0625 ಡಿಗ್ರಿಯ ಸಣ್ಣ ಹೆಜ್ಜೆಗಳಲ್ಲಿ ಕಂಡಿತೆಂದು ನಂಬಬೇಡಿ, ಅದು ನಿಖರತೆಯಲ್ಲ. ಸಾಲದ್ದಕ್ಕೆ, ಅಸಲಿ ಎಂದು ಹಣ ತೆಗೆದುಕೊಂಡು ನಕಲಿ ಚಿಪ್ ಕಳಿಸುವ ಮಾರಾಟಗಾರರು. ಇದು ಶುದ್ಧ ಮೋಸ.

ದಾರಿ ಇಷ್ಟೇ: ಎರಡನ್ನೂ ಒಟ್ಟಿಗೆ ಕಟ್ಟಿ, ಡಿಸ್ಟಿಲ್ಡ್ ನೀರಿನ ಮಂಜುಗಡ್ಡೆ ಪುಡಿ ಮಾಡಿ ತುಂಬಿದ ಫ್ಲಾಸ್ಕಿನಲ್ಲಿಡಿ. ಅದೇ ನೀರನ್ನು ಸಂದು ತುಂಬುವಷ್ಟೇ ಹಾಕಿ, ಕಲಕುತ್ತಾ ಓದು ಸ್ಥಿರವಾಗುವವರೆಗೆ ಕಾಯಿರಿ. ಅಲ್ಲಿ ಓದು 0ಯಿಂದ ಎಷ್ಟು ಸರಿದಿದೆಯೋ ಅದೇ ತಿದ್ದುಪಡಿ. ಆಮೇಲೆ ಕಡಲಿನಷ್ಟೇ ಬೆಚ್ಚಗಿನ ನೀರಿನಲ್ಲಿ ಮತ್ತೊಮ್ಮೆ. 0 ಡಿಗ್ರಿಯ ತಿದ್ದುಪಡಿ 28ಕ್ಕೂ ಹೊಂದುತ್ತದೆಂಬ ಖಾತರಿಯಿಲ್ಲ.

ಇಷ್ಟಾದರೂ ಬಿಸಿಲಿನ ಮಧ್ಯಾಹ್ನ ನೀರಿನ ಓದು ಏರುತ್ತಲೇ ಇತ್ತು. ಪೆಟ್ಟಿಗೆಯೇ ಕಾದಿದೆಯೋ, ಗಾಳಿಯಿಲ್ಲದ ಹೊತ್ತಿನಲ್ಲಿ ಕಡಲ ಮೇಲ್ಪದರ ನಿಜಕ್ಕೂ ಕಾದಿದೆಯೋ? 10 ಸೆಂಟಿಮೀಟರ್ ಆಳಕ್ಕೊಂದು, 1 ಮೀಟರ್ ಆಳಕ್ಕೊಂದು ಸೆನ್ಸರ್ ಇಟ್ಟರೆ ತಿಳಿಯುತ್ತದೆ. ಗಾಳಿ ಸೆಕೆಂಡಿಗೆ 6 ಮೀಟರ್ ದಾಟಿದಾಗ ಎರಡೂ ಒಂದಾದರೆ ಅದು ಮೇಲ್ಪದರ. ಆಗಲೂ ಮೇಲಿನದು ಹೆಚ್ಚೇ ತೋರಿದರೆ ಪೆಟ್ಟಿಗೆಯ ಶಾಖ. ಇಲ್ಲಿ ಎರಡೂ ಇದ್ದವು. ಬಿಳಿ ಬಣ್ಣ ಹೊಡೆದು, ಸೆನ್ಸರನ್ನು 60 ಸೆಂಟಿಮೀಟರ್ ಪಿವಿಸಿ ತೋಳಿನ ತುದಿಗೆ ಸರಿಸಿದ ಮೇಲೆ ಮೇಲ್ಪದರದ ಶಾಖವಷ್ಟೇ ಉಳಿಯಿತು. ಅದು ಬೇಕಾದದ್ದೇ, ಗಾಳಿಗೆ ತಾಗುವುದು ಆ ಪದರ ತಾನೇ.

ಮುಂದಿನದು ಗಾಳಿಯ ವೇಗ ಅಳೆಯುವ ಎತ್ತರ. ಕಡಲ ಮೇಲ್ಮೈಯ ಒರಟುತನ 0.0002 ಮೀಟರ್ ಹಿಡಿದರೆ, 2 ಮೀಟರ್ ಎತ್ತರದಲ್ಲಿ ಸಿಕ್ಕ ಸೆಕೆಂಡಿಗೆ 5 ಮೀಟರ್ ವೇಗ 10 ಮೀಟರ್ ಎತ್ತರಕ್ಕೆ ಸುಮಾರು 5.9. ಆದರೆ ವೇಗ ಎತ್ತರದ ಲಾಗರಿದಮ್‌ನಂತೆ ಏರುತ್ತದೆನ್ನುವ ಈ ಲಾಗ್ ಸೂತ್ರ ನೀರು, ಗಾಳಿ ಸಮ ಉಷ್ಣತೆಯಲ್ಲಿದ್ದಾಗ ಮಾತ್ರ. ತಣ್ಣೀರಿನ ಮೇಲೆ ಎರಡು ಎತ್ತರಗಳ ವೇಗದ ಅಂತರ ಇನ್ನೂ ಹೆಚ್ಚು; ಅದರ ತಿದ್ದುಪಡಿಗೂ ಈ ಅರ್ಧ ಡಿಗ್ರಿಯೇ ಬೇಕು.